ಕೆಂಡಸರ್ಪಿಣಿಯನ್ನು ಕಪ್ಪೆ ಮಾಡಿದವಳು

ನಾನು ಒಂದು ಆಟದ ಕಾರ್ಡು, ಅಂಗೈಯಷ್ಟು ಅಗಲ. ಆದರೆ ಈ ಭೂಮಂಡಲದಲ್ಲಿ ನನ್ನಷ್ಟು ಚೆಲುವೆಯಾದ ಮುದುಕಿ ಇನ್ನೊಬ್ಬಳಿಲ್ಲ. ನನ್ನ ಮುಖ ನೋಡುತ್ತ ಸೂರ್ಯ ಒಂದು ದಿನ ಮುಳುಗುವುದನ್ನೇ ಮರೆತಿದ್ದ. ಇದರಲ್ಲಿ ಅರ್ಧ ಸುಳ್ಳು. ಮುದುಕಿ ಅನ್ನುವುದು ಖರೆ.

ಹೆಸರು ಮಸಿಗುಡ್ಡದ ಅಜ್ಜಿ. ‘ಕೋಟೆಕೆಂಡ’ ಎಂಬ ಆಟದಲ್ಲಿ ಮಾಟಗಾತಿ. ಚಿತ್ರಗಾರ ನನಗೆ ಬಿಳಿ ಸೀರೆ ಉಡಿಸಿ, ಬರಿಹಣೆ ಬಿಟ್ಟು, ಬಾಯಲ್ಲಿ ಒಂದೇ ಹಲ್ಲು ಇಟ್ಟ. ಮದುವೆಯ ಊಟ ಉಣ್ಣದೆ ಹುಟ್ಟುತ್ತಲೇ ವಿಧವೆಯಾದವಳು ನಾನೊಬ್ಬಳೇ ಇರಬೇಕು. ಶಾಲೆಯ ಕಡೆ ಹಾಯ್ದವಳೂ ಅಲ್ಲ. ನನಗೆ ಬರುವ ಅಕ್ಷರವೆಂದರೆ ನನ್ನ ಹೊಟ್ಟೆಯ ಮೇಲೆ ಅಚ್ಚಾದ ಮಾತು ಮಾತ್ರ: ‘ಒಂದು ಪ್ರಾಣಿಯನ್ನು ಈ ಸರದಿ ಮುಗಿಯುವವರೆಗೆ ಕಪ್ಪೆ ಮಾಡು. ಕಪ್ಪೆಯಾದ ಪ್ರಾಣಿಯ ಮೇಲೆ ಬರೆದ ಯಾವ ಮಾತೂ ನಡೆಯುವುದಿಲ್ಲ.’

ಅಚ್ಚಿನ ಮನೆಯಲ್ಲಿ ದೊಡ್ಡ ಹಾಳೆಯ ಮೇಲೆ ನಾವೆಲ್ಲ ಅಂಟಿಕೊಂಡು ಹುಟ್ಟಿದೆವು. ನನ್ನ ಬಲಮಗ್ಗುಲಿಗೆ ಹುಟ್ಟಿದವಳು ಕೆಂಡಸರ್ಪಿಣಿ. ನನಗೆ ಬಳಿದದ್ದು ಬೂದಿ ಬಣ್ಣ, ಅವಳಿಗೆ ಬಂಗಾರದ ಮಿಂಚು! ಒಂದೇ ಹಾಳೆ, ಒಂದೇ ಕತ್ತರಿ, ಅವಳಿಗಷ್ಟೇ ಬಂಗಾರ ಯಾಕೆ? ಆ ಹೊತ್ತು ಹತ್ತಿದ ಹೊಟ್ಟೆಕಿಚ್ಚಿನಲ್ಲಿ ಇಡೀ ಧಾರವಾಡ ಜಿಲ್ಲೆಗೆ ರೊಟ್ಟಿ ಬಡಿದು ಬೇಯಿಸಬಹುದಿತ್ತು. ಸಾಲದ್ದಕ್ಕೆ ನಮ್ಮಿಬ್ಬರನ್ನು ಒಂದೇ ಪೊಟ್ಟಣದಲ್ಲಿ ತುಂಬಿದರು.

ಪೊಟ್ಟಣ ಹರಿದವನು ಹುಬ್ಬಳ್ಳಿಯ ಫಕೀರೇಶ. ಕಾಲೇಜಿನ ಕಬಡ್ಡಿ ತಂಡದಲ್ಲಿ ರೇಡರ್, ಮಾತಿನಲ್ಲಿ ಅದಕ್ಕಿಂತ ದೊಡ್ಡ ರೇಡರ್. ಸರ್ಪಿಣಿಯನ್ನು ಕಂಡದ್ದೇ ಕುಣಿದಾಡಿಬಿಟ್ಟ. ಅವಳಿಗೆ ಗಾಜಿನಂಥ ಪ್ಲಾಸ್ಟಿಕ್ ಅಂಗಿ ತೊಡಿಸಿದ. ನನ್ನನ್ನು ಎತ್ತಿ ನೋಡಿ, ತಂಗಿ ನೀಲಾಂಬಿಕೆಯ ಕಡೆ ಎಸೆದ.

“ನೀಲಿ, ಈ ಹಲ್ಲಿಲ್ಲದ ಮುದುಕಿ ನಿನಗ ಇರಲಿ. ಜೋಡಿ ಚೊಲೋ ಆಗತೈತಿ.”

“ಕೊಟ್ಟ ಮ್ಯಾಲೆ ತಿರುಗಿ ಕೇಳಬ್ಯಾಡ ಮತ್ತ,” ಅಂದಳು ನೀಲಾ.

ಹೀಗೆ ನನ್ನ ಕೈ ಬದಲಾಯಿತು. ಅಣ್ಣ ಒಲ್ಲೆ ಅಂದ ಕಾರ್ಡುಗಳಿಂದಲೇ ಅವಳು ತನ್ನ ಕಟ್ಟು ಕಟ್ಟಿಕೊಂಡಳು. ಹಾಸಿಗೆಯಲ್ಲಿ ಬೋರಲು ಮಲಗಿ ಒಂದೊಂದನ್ನೂ ಬೆರಳಿಟ್ಟು ಓದುತ್ತಿದ್ದಳು. ನನ್ನ ಹೊಟ್ಟೆಯ ಮಾತನ್ನು ಎಷ್ಟು ಸಲ ಓದಿದಳೆಂದರೆ ನನಗೆ ಕಚಗುಳಿ ಆಗಿ ಇದ್ದೊಂದು ಹಲ್ಲೂ ಬೀಳಬೇಕಿತ್ತು. ಆದರೂ ನನ್ನ ಕಣ್ಣೆಲ್ಲ ಕಪಾಟಿನ ಮೇಲಿದ್ದ ಸವತಿ ಸರ್ಪಿಣಿಯ ಕಡೆಗೇ. ಸಂಜೆಯ ಬಿಸಿಲು ಕಿಟಕಿಯಿಂದ ಬಂದರೆ ಮೊದಲು ಅವಳ ಮೈಮೇಲೆ ಬೀಳುತ್ತಿತ್ತು. ಬಿಸಿಲಿಗೂ ಪಕ್ಷಪಾತ ಗೊತ್ತು ನೋಡಿ.

ಭಾನುವಾರ ಮಧ್ಯಾಹ್ನ ಇಂದಕ್ಕನ ಸ್ಟೇಶನರಿ ಅಂಗಡಿಯ ಅಟ್ಟದಲ್ಲಿ ಆಟ ಕೂಡುತ್ತಿತ್ತು. ಅಲ್ಲಿ ಎರಡು ಪದ್ಧತಿ ಇದ್ದವು. ಗೆದ್ದವರು ಸೋತವರ ಕಟ್ಟಿನಿಂದ ಬೇಕಾದ ಒಂದು ಕಾರ್ಡು ಎತ್ತಿಕೊಳ್ಳಬಹುದು. ನಿಯಮದ ಬಗ್ಗೆ ತಕರಾರು ಎದ್ದರೆ ಇಬ್ಬರೂ ಕುರ್ಚಿ ಬದಲಿಸಿ, ಎದುರಾಳಿಯ ಪರವಾಗಿ ವಾದ ಮಾಡಬೇಕು. ಆಮೇಲೆ ಇಂದಕ್ಕ ತೀರ್ಪು ಕೊಡುತ್ತಾಳೆ. ಹಾಗೆ ಮಾಡಿದರೆ ಜಗಳ ತಂಪಾಗುತ್ತದೆ ಅನ್ನುವುದು ಅವಳ ಲೆಕ್ಕ.

ಸರ್ಪಿಣಿಯ ಮೈಮೇಲೆ ಬರೆದದ್ದು ಇಷ್ಟು: ‘ಈ ಸರ್ಪಿಣಿ ಸತ್ತಾಗ, ಕೊಂದವರ ಕೋಟೆ ಸುಟ್ಟುಹೋಗುತ್ತದೆ.’ ಕೋಟೆ ಸುಟ್ಟರೆ ಸೋತಂತೆ, ಕೋಟೆಯ ಮುಂದೆ ಕಾವಲು ಉಳಿಯದಿದ್ದರೂ ಸೋತಂತೆ. ಹಾಗಾಗಿ ಅವಳು ಮೇಜಿನ ಮೇಲಿನ ಆಟದ ಅಂಗಳಕ್ಕೆ ಇಳಿದರೆ ಯಾರೂ ಮುಟ್ಟುತ್ತಿರಲಿಲ್ಲ. ಮಹಾರಾಣಿ ಸುಮ್ಮನೆ ಮಲಗಿದ್ದರೂ ಫಕೀರೇಶ ಗೆಲ್ಲುತ್ತಿದ್ದ.

ಒಂದು ಭಾನುವಾರ ಅಣ್ಣನ ಎದುರು ತಂಗಿಯೇ ಕೂತಳು.

“ನಾ ಗೆದ್ರ ನಿನ್ನ ಸರ್ಪಿಣಿನ ಒಯ್ಯತೀನಿ,” ಅಂದಳು.

“ನಾ ಗೆದ್ರ ನಿನ್ನ ಮುದುಕಿನ ಒಯ್ಯತೀನಿ. ಓದಿ ನೋಡಿದೆ, ಅಕಿ ಸಾದಾ ಹೆಂಗಸಲ್ಲ. ನನ್ನ ಆಲ್ಬಮ್ಮಿನಾಗ ಸರ್ಪಿಣಿ ಮಗ್ಗಲಕ ಹಾಕಿ ಇಟ್ಟುಬಿಡತೀನಿ, ಮತ್ತ ಯಾರ ಕೈಗೂ ಸಿಗಬಾರದು.”

ನೀಲಾ ಸೋತರೆ ನಾನು ಸವತಿಯ ಮಗ್ಗುಲಲ್ಲಿ ಜೀವಾವಧಿ. ಗೆದ್ದರೆ ಸವತಿಯೇ ನಮ್ಮ ಮನೆಗೆ. ಯಾವ ದೇವರಿಗೆ ಏನೆಂದು ಹರಕೆ ಹೊರಲಿ?

ಆಟ ಹತ್ತಿಕೊಂಡಿತು. ನೀಲಾಳ ಕಡೆ ಉಳಿದದ್ದು ಒಬ್ಬ ಬಡಕಲು ಈಟಿಗಾರ ಮತ್ತು ಕೈಯಲ್ಲಿ ನಾನು. ಫಕೀರೇಶನ ಕೋಟೆಯ ಮುಂದೆ ಸರ್ಪಿಣಿಯೊಬ್ಬಳೇ ಕಾವಲು. ನೀಲಾ ನನ್ನನ್ನು ಅಂಗಳಕ್ಕೆ ಇಳಿಸಿದಳು. ಸರ್ಪಿಣಿ ಕಪ್ಪೆಯಾದಳು. ಆಹಾ, ಆ ಸುಖವನ್ನು ಏನು ಹೇಳಲಿ! ಮೂರು ಲೋಕದ ಜಾತ್ರೆಯ ಮಿಠಾಯಿಯನ್ನೆಲ್ಲ ಒಬ್ಬಳೇ ತಿಂದಂತಾಯಿತು. ಹಿಂದೆಯೇ ಈಟಿಗಾರ ಕಪ್ಪೆಯನ್ನು ತಿವಿದ. ನೀಲಾ ಸರ್ಪಿಣಿಯ ಕಾರ್ಡನ್ನು ಎತ್ತಿ, ಸತ್ತ ಕಾರ್ಡುಗಳನ್ನು ಹಾಕುವ ಮಸಣದ ಗುಡ್ಡೆಗೆ ಇಟ್ಟಳು.

ಫಕೀರೇಶ ಮೇಜು ಕುಟ್ಟಿ ನಕ್ಕ. “ನಿನ್ನ ಕೋಟಿ ಸುಟ್ಟತಲೇ, ನೀಲಿ! ಸರ್ಪಿಣಿನ ಕೊಂದಿ!”

“ಕೊಂದಿದ್ದು ಕಪ್ಪಿನ, ಅಣ್ಣಾ.”

“ಮಸಣದಾಗ ಬಿದ್ದಿದ್ದು ಸರ್ಪಿಣಿ. ಕಣ್ಣ ಬಿಟ್ಟು ನೋಡು.”

“ಕುರ್ಚಿ ಬದಲಿ,” ಅಂದಳು ಇಂದಕ್ಕ, ಚಹಾದ ಕಪ್ಪು ಕೆಳಗಿಡದೆ.

ಇಬ್ಬರೂ ಎದ್ದು ಅದಲುಬದಲಾಗಿ ಕೂತರು. ಈಗ ನೀಲಾ ಅಣ್ಣನ ಪರ ಮಾತಾಡಬೇಕು. ಅವಳು ಮೋಸದವಳಲ್ಲ. ಇದ್ದ ಬುದ್ಧಿಯನ್ನೆಲ್ಲ ಕೂಡಿಸಿ ಹೇಳಿದಳು:

“ಅಜ್ಜಿ ಮಾಟ ಮಾಡಿದ್ದು ಅಂಗಳದಾಗಿನ ಪ್ರಾಣಿಗೆ. ಮಸಣಕ್ಕ ಹೋದ ಕೂಡಲೆ ಮಾಟ ಬಿಡತೈತಿ. ಅಲ್ಲಿ ಅದು ಕಪ್ಪಿ ಅಲ್ಲ, ಮತ್ತ ಸರ್ಪಿಣಿ. ಸರ್ಪಿಣಿ ಅಂದ ಮ್ಯಾಲೆ ಅದರ ಮಾತೂ ನಡೀಬೇಕು, ನನ್ನ ಕೋಟಿ ಸುಡಬೇಕು.”

ಇಂದಕ್ಕ ತಲೆದೂಗಿದಳು. “ಭಾಳ ಚೊಲೋ ಹೇಳಿದಿ ತಂಗಿ. ಇದಕ್ಕ ಉತ್ತರ ಇಲ್ಲ ಅನಸತೈತಿ.”

ಅಲ್ಲಿಗೆ ಸುಮ್ಮನಿದ್ದರೆ ಫಕೀರೇಶ ಗೆದ್ದಿದ್ದ. ಆದರೆ ತಂಗಿಯ ಮಾತಿಗೆ ಉತ್ತರವಿಲ್ಲ ಎಂದು ಯಾರಾದರೂ ಅಂದರೆ ಅವನು ಸುಮ್ಮನಿರುವ ಪ್ರಾಣಿಯೇ? ತಂಗಿಯನ್ನು ಕಂಡು ಅವನಿಗೂ ನನ್ನಂಥದೇ ಕಿಚ್ಚು. ಅಂಗಿಯ ತೋಳು ಮೇಲೇರಿಸಿದ.

“ಯಾಕಿಲ್ಲ ಉತ್ತರ? ಕಬಡ್ಡಿಯೊಳಗ ರೇಡರ್ ಎದುರಿನವರ ಅಂಗಳದಾಗ ದಮ್ಮು ಬಿಟ್ಟಾನ, ಔಟ್ ಆಗ್ಯಾನ. ಹೊರಗ ಬಂದು ಕುಂತ ಮ್ಯಾಲೆ ‘ಕಬಡ್ಡಿ ಕಬಡ್ಡಿ’ ಅಂದ್ರ ಪಾಯಿಂಟ್ ಕೊಡತಾರೇನು? ಔಟ್ ಆಗೂ ಹೊತ್ತಿನಾಗ ದಮ್ಮು ಇತ್ತೋ ಇಲ್ಲೋ, ಅಷ್ಟ ನೋಡತಾರ. ಇಲ್ಲೂ ಹಂಗ. ‘ಸತ್ತಾಗ’ ಅಂತ ಬರದೈತಿ, ‘ಸತ್ತ ಮ್ಯಾಲೆ’ ಅಂತಲ್ಲ. ಸಾಯೂ ಹೊತ್ತಿನಾಗ ಅದು ಕಪ್ಪಿ. ಕಪ್ಪಿಗೆ ಬಾಯಿಲ್ಲ! ಯಾವ ಕೋಟೀನೂ ಸುಡಂಗಿಲ್ಲ!”

ಫಕೀರೇಶನ ಕೈ ಗಾಳಿಯಲ್ಲೇ ನಿಂತಿತು.

“ಮುಗೀತು,” ಅಂದಳು ಇಂದಕ್ಕ. “ನೀಲಾನ ಕೋಟಿ ಉಳೀತು. ನಿನ್ನ ಕಾವಲು ಹೋತು.”

“ಯಕ್ಕಾ, ನಾ ಅಕಿ ಪರ ಮಾತಾಡಿದ್ದು!”

“ಅದಕ್ಕ ಅಕಿ ಗೆದ್ಲು. ಇಷ್ಟ ಚೊಲೋ ಯಾವಾಗಲೂ ಮಾತಾಡಿಲ್ಲ ನೋಡು ನೀ.”

ಫಕೀರೇಶ ಕೈ ಮುಗಿದ. “ನೀಲಿ, ಸರ್ಪಿಣಿ ಒಂದ ಬಿಟ್ಟು ಯಾವುದಾರ ತಗೋ.”

ನಾನೂ ಅವನ ಜೊತೆ ಬೇಡಿಕೊಂಡೆ, ಸರ್ಪಿಣಿಯನ್ನು ಬಿಟ್ಟು ಯಾವುದಾದರೂ ತಗೋ ತಾಯೀ! ನೀಲಾ ಮಸಣದ ಗುಡ್ಡೆಗೆ ಕೈ ಹಾಕಿ ಬಂಗಾರದವಳನ್ನೇ ಎತ್ತಿದಳು. ಗೆಲ್ಲಿಸಿದವಳು ನಾನು, ಮೆರವಣಿಗೆ ಅವಳದು.

ಅಂದಿನಿಂದ ನಾವಿಬ್ಬರೂ ಒಂದೇ ಡಬ್ಬಿ. ನೀಲಾ ಈಗ ಗದಗಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ಆಟ ಬಿಟ್ಟು ಕಾಲವಾಯಿತು. ನನ್ನ ಮೂಲೆಗಳು ಸವೆದು ದುಂಡಗಾಗಿವೆ. ಸರ್ಪಿಣಿಯ ಪ್ಲಾಸ್ಟಿಕ್ ಅಂಗಿ ಎಂದೋ ಹರಿದುಹೋಯಿತು. ಡಬ್ಬಿಯ ಕತ್ತಲಲ್ಲಿ ಅವಳ ಹೊಟ್ಟೆ ನನ್ನ ಬೆನ್ನಿಗೆ ತಿಕ್ಕಿ ತಿಕ್ಕಿ, ಅವಳ ಬಂಗಾರ ಅಷ್ಟಿಷ್ಟು ನನಗೆ ಹತ್ತಿಕೊಂಡಿದೆ. ಅವಳಿಗೆ ನನ್ನ ಬೂದಿ ಬಣ್ಣ. ಇಷ್ಟು ವರ್ಷ ಒಬ್ಬಳ ಮೇಲೆ ಉರಿದುಕೊಂಡರೆ ಆ ಉರಿಯೇ ಒಂದು ಅಭ್ಯಾಸವಾಗುತ್ತದೆ. ಚಳಿಗಾಲಕ್ಕೆ ಬೇಕಾಗುತ್ತದೆ ಕೂಡ.

ಮೊನ್ನೆ ಫಕೀರೇಶ ಬಂದಿದ್ದ, ಜೊತೆಗೆ ಮಗಳನ್ನು ಕರೆದುಕೊಂಡು.

“ಇಕಿಗೆ ಆಟ ಕಲಸಬೇಕಂತೀನಿ. ಒಂದ ಕಾರ್ಡು ಕೊಡು ನೀಲಿ. ಮುದುಕಿ ಇಲ್ಲಾ ಸರ್ಪಿಣಿ, ನಿನ್ನ ಮನಸ್ಸು.”

“ಎರಡೂ ಕೇಳಬ್ಯಾಡ ಮತ್ತ. ಒಂದ.”

ನೀಲಾ ನಮ್ಮಿಬ್ಬರನ್ನೂ ಎತ್ತಿ ಎರಡು ಕೈಯಲ್ಲಿ ಹಿಡಿದಳು. ಹುಟ್ಟಿದಂದಿನಿಂದ ಕಾದಿದ್ದ ಗಳಿಗೆ ಅದು. ಸವತಿ ತೊಲಗಿದರೆ ಡಬ್ಬಿಯೆಲ್ಲ ನನ್ನದು. ನಾನು ಹೋದರೆ ಹೊಸ ಕೈ, ಹೊಸ ಅಂಗಳ, ಮತ್ತೆ ಕಪ್ಪೆ ಮಾಡುವ ಸುಖ. ನೀಲಾಳ ಒಂದು ಕೈ ಮುಂದೆ ಚಾಚಿತು. ಆಗ ಈ ಒಂಟಿ ಹಲ್ಲಿನ ಬಾಯಿಂದ ಒಂದು ಬೇಡಿಕೆ ಹೊರಬಿತ್ತು.

ಏನು ಬೇಡಿಕೊಂಡೆ? ಇಷ್ಟು ಹೊತ್ತು ಕೂತು ಕೇಳಿದ್ದೀರಲ್ಲ, ನೀವೇ ಊಹಿಸಿ ಹೇಳಿ ನೋಡೋಣ.