ಮುಳ್ಳು ತೋರಿಸಿದ್ದು, ಟ್ಯಾಂಕಿನಲ್ಲಿದ್ದದ್ದು

ಗಾಡಿ ಇಟ್ಟುಕೊಂಡವರ ಮನೆಯಲ್ಲಿ ಬೆಳಗಾದರೆ ಒಂದು ಜಗಳ ಇದ್ದೇ ಇರುತ್ತದೆ. ಡೀಸೆಲ್ ಹಾಕಿಸಬೇಕೋ, ಬೇಡವೋ? ನಮ್ಮ ಡ್ರೈವರಣ್ಣನ ಮನೆಯಲ್ಲೂ ಆವತ್ತು ಅದೇ ನಡೆದಿತ್ತು.

ಡ್ರೈವರಣ್ಣ ಅಂದರೆ ಸಾಮಾನ್ಯದವನಲ್ಲ. ಮೀಸೆ ಮೂಡುವ ಮೊದಲೇ ಸ್ಟೇರಿಂಗ್ ಹಿಡಿದವನು. ಮಂಡಿನೋವು ಬಂದ ಮೇಲೆ ಪಿಕಪ್ಪಿನ ಕೀಲಿಯನ್ನು ಮಗಳ ಕೈಗೆ ಕೊಟ್ಟಿದ್ದ. ಕೀಲಿ ಕೊಟ್ಟಿದ್ದ ಅಷ್ಟೇ, ಯಜಮಾನಿಕೆ ಕೊಟ್ಟಿರಲಿಲ್ಲ. ದಿನಾ ಬೆಳಗ್ಗೆ ಗಾಡಿಯ ಬಾಗಿಲು ತೆಗೆದು, ಕೀಲಿ ತಿರುಗಿಸಿ, ಡೀಸೆಲ್ ಮಟ್ಟದ ಮುಳ್ಳು ನೋಡಿ ತೀರ್ಪು ಹೇಳುವುದು ಅವನದೇ ಕೆಲಸ.

"ಅರ್ಧಕ್ಕಿಂತ ಮೇಲಿದೆ. ಇನ್ನೂ ನೂರೆಪ್ಪತ್ತು ಕಿಲೋಮೀಟರ್ ಓಡುತ್ತೆ ಅಂತ ಗಾಡೀನೇ ತೋರಿಸ್ತಿದೆ. ನಮಗೆ ಹೋಗ್ಬೇಕಾಗಿರೋದು ನೂರೂ ಇಲ್ಲ. ಬಂಕು ಗಿಂಕು ಏನೂ ಬೇಡ, ಹೊರಡು."

"ಅಪ್ಪ, ಗಾಡಿ ಇಳಿಜಾರಲ್ಲಿ ನಿಂತಿದೆ. ಈಗ ನೋಡಿದ್ರೆ ಮುಳ್ಳು ಸರಿಯಾಗಿ ತೋರಿಸಲ್ಲ" ಅಂದಳು ಮಗಳು.

ಆ ಇಳಿಜಾರಿಗೂ ಒಂದು ಕಥೆಯಿದೆ. ಹಳೇ ಗಾಡಿಯ ಬ್ಯಾಟರಿ ಸತ್ತುಹೋಗಿತ್ತು. ಅದನ್ನು ಉರುಳಿಸಿಯೇ ಸ್ಟಾರ್ಟ್ ಮಾಡಬೇಕಿತ್ತು. ಅದಕ್ಕೆ ಅಂಗಳದ ಇಳುಕಲಿನಲ್ಲಿ, ಮೂತಿ ರಸ್ತೆ ಕಡೆ ಮಾಡಿ ನಿಲ್ಲಿಸುತ್ತಿದ್ದರು. ಹೊಸ ಗಾಡಿ ಕೀಲಿ ತಿರುಗಿಸಿದರೆ ಸಾಕು, ಶುರುವಾಗುತ್ತದೆ. ಆದರೂ ನಿಲ್ಲಿಸುವುದು ಮಾತ್ರ ಅಲ್ಲೇ. ಅಭ್ಯಾಸ ಅಂದರೆ ಹಾಗೇ ಅಲ್ಲವೇ?

"ನಾನು ಗಾಡಿ ಓಡಿಸೋಕೆ ಶುರು ಮಾಡಿದಾಗ ನೀನಿನ್ನೂ ಹುಟ್ಟಿರಲಿಲ್ಲ" ಎಂದು ಡ್ರೈವರಣ್ಣ ಮುಂದಿನ ಸೀಟು ಹತ್ತಿ ಕೂತೇಬಿಟ್ಟ.

ಹೆಂಡತಿ ಬಾಗಿಲಲ್ಲೇ ನಿಂತು ನಕ್ಕಳು. "ಹೋಗು ಮಗಳೇ. ನಿಮ್ಮಪ್ಪನ ಬಾಯಲ್ಲಿ ಓಡೋ ಗಾಡಿಗೆ ಡೀಸೆಲ್ಲೇ ಬೇಡ."

ನಗುವ ದಿನವೇನೂ ಆಗಿರಲಿಲ್ಲ ಅದು. ಮಗಳಿಗೆ ಹ್ಯಾಚರಿಯಿಂದ ಸಿಕ್ಕಿದ್ದ ಮೊದಲ ಬಾಡಿಗೆ. ಆಗಷ್ಟೇ ಮೊಟ್ಟೆಯೊಡೆದು ಬಂದ ಕೋಳಿಮರಿಗಳನ್ನು ಗುಡ್ಡದಾಚೆಯ ಸಾಕಣೆ ಕೇಂದ್ರಕ್ಕೆ ಮುಟ್ಟಿಸಬೇಕು. ಜೊತೆಗೆ ಮೇವಿನ ಮೂಟೆಗಳು. ಹ್ಯಾಚರಿಯವರು ಮುಲಾಜಿಲ್ಲದೆ ಹೇಳಿದ್ದರು: "ಗಾಡಿ ಓಡ್ತಿದ್ರೆ ಪೆಟ್ಟಿಗೆಗೆ ಗಾಳಿ. ಬಿಸಿಲಲ್ಲಿ ನಿಂತ್ರೆ ಮರಿಗಳು ಉಸಿರುಕಟ್ಟಿ ಸಾಯುತ್ವೆ. ಜೀವಂತ ಮುಟ್ಟಿಸಿದ್ರೆ ಮುಂದಿನ ಲೋಡೂ ನಿಮ್ದೇ. ಇಲ್ಲಾಂದ್ರೆ ಇತ್ತ ಬರ್ಬೇಡಿ."

ಮರಿಗಳನ್ನು ಏರಿಸಿಕೊಂಡು ಗುಡ್ಡದ ಬುಡಕ್ಕೆ ಬಂದರು. ಅಲ್ಲೊಂದು ಬಂಕು. ಅದು ಬಿಟ್ಟರೆ ಗುಡ್ಡದಾಚೆಗೇ ಇನ್ನೊಂದು. ಬೆಳಗಿನದಕ್ಕಿಂತ ಮುಳ್ಳು ಕೆಳಗಿದ್ದದ್ದು ಕಂಡು ಮಗಳು ವೇಗ ಇಳಿಸಿದಳು.

"ಕ್ಯೂ ನೋಡು ಎಷ್ಟುದ್ದ! ಅಲ್ಲಿ ನಿಂತ್ರೆ ಮರಿಗಳು ಬೆಂದುಹೋಗ್ತವೆ. ನಡಿ, ನಡಿ!" ಎಂದು ಅಪ್ಪ ಗದರಿದ. ಮಾತಿನಲ್ಲಿ ಅರ್ಧ ನಿಜವೂ ಇತ್ತು. ಮಗಳು ಗಾಡಿ ಮುಂದಕ್ಕೆ ಬಿಟ್ಟಳು.

ಏರು ಶುರುವಾಯಿತು. ಎಂಜಿನ್ನು ಮುಕ್ಕರಿಯತೊಡಗಿತು. ಇನ್ನೆಷ್ಟು ದೂರ ಓಡುತ್ತದೆ ಅಂತ ಪರದೆ ತೋರಿಸುವ ನಂಬರು ಜಾರತೊಡಗಿತು. ಡ್ರೈವರಣ್ಣ ಮೊದಲು ಕಿಟಕಿಯಾಚೆ ನೋಡಿದ. ಆಮೇಲೆ ಓರೆಗಣ್ಣಲ್ಲಿ ನಂಬರು ನೋಡಿದ. ಆಮೇಲೆ ಅದನ್ನೇ ನೋಡುತ್ತ ಕೂತ.

"ಅಪ್ಪ, ನಾವು ಹತ್ತಿರೋದು ಹತ್ತು ಕಿಲೋಮೀಟರ್. ನಂಬರು ಐವತ್ತು ಇಳಿದಿದೆ."

"ಅದು... ಕೆಟ್ಟಿರ್ಬೇಕು ಕಣೆ."

"ಕೆಟ್ಟಿಲ್ಲ. ನಿನ್ನೆ ಖಾಲಿ ಗಾಡೀಲಿ ಸಮತಟ್ಟು ರಸ್ತೇಲಿ ವಾಪಸ್ ಬಂದ್ವಲ್ಲ? ಆ ಲೆಕ್ಕ ಇಟ್ಕೊಂಡು ನೂರೆಪ್ಪತ್ತು ಅಂದಿತ್ತು. ಮುಂದೆ ಗುಡ್ಡ ಇದೆ, ಹಿಂದೆ ಮೂಟೆ ಇದೆ ಅಂತ ಅದಕ್ಕೇನು ಕನಸು ಬೀಳುತ್ತಾ? ಓಡಿದ್ದು ನೋಡ್ಕೊಂಡು ಅಂದಾಜು ಹೇಳುತ್ತೆ ಅಷ್ಟೇ."

ಹೀಗಂದವಳೇ ರಸ್ತೆ ಅಗಲವಾಗಿದ್ದ ಕಡೆ ಗಾಡಿ ತಿರುಗಿಸಿಬಿಟ್ಟಳು!

"ಏಯ್! ಅರ್ಧ ಏರಿ ವಾಪಸ್ಸಾ? ನೋಡಿದವರು ಏನಂದಾರು?"

"ಏನಾದ್ರೂ ಅನ್ಕೊಳ್ಳಲಿ. ಮೇಲೆ ಹೋಗಿ ನಿಂತ್ರೆ ನೆರಳೂ ಇಲ್ಲ, ನೀರೂ ಇಲ್ಲ. ಡೀಸೆಲ್ ಪೂರ್ತಿ ಖಾಲಿಯಾದ್ರೆ ಪೈಪಲ್ಲಿ ಗಾಳಿ ಸೇರ್ಕೊಳ್ಳುತ್ತೆ. ಆಮೇಲೆ ಕ್ಯಾನಲ್ಲಿ ತಂದು ಸುರಿದ್ರೂ ಗಾಡಿ ಸ್ಟಾರ್ಟ್ ಆಗಲ್ಲ. ಈಗಾದ್ರೆ ಬುಡದ ಬಂಕಿಗೆ ಆರಾಮಾಗಿ ಇಳೀಬಹುದು."

ಇಳಿಜಾರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಡ್ರೈವರಣ್ಣ ಸೀಟಿನಲ್ಲಿ ನೆಗೆದು ಕೂತ. "ನೋಡು ನೋಡು! ಮುಳ್ಳು ಮೇಲೆ ಬಂತು! ನಾನು ಹೇಳಲಿಲ್ವಾ? ತಿರುಗಿಸು!"

"ಅಯ್ಯೋ ಅಪ್ಪ, ಇಳಿಜಾರಲ್ಲಿ ಡೀಸೆಲ್ಲೆಲ್ಲ ಟ್ಯಾಂಕಿನ ಮುಂದಕ್ಕೆ ಸರಿದಿದೆ. ಮುಳ್ಳನ್ನ ಆಡಿಸೋ ತೇಲುಗುಂಡು ಅದರ ಮೇಲೆ ಎದ್ದಿದೆ. ಏರಲ್ಲಿ ಅದೇ ಕೆಳಗಿಳಿಯುತ್ತೆ. ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ಕನ್ನ ಬಿಡದೆ ಕೇಳಿ ತಿಳ್ಕೊಂಡಿದ್ದೀನಿ. ಕೆಲವು ಗಾಡೀಲಿ ಇದು ಉಲ್ಟಾ. ಸಮತಟ್ಟಲ್ಲಿ ನೋಡಿದ್ರೇನೇ ನಂಬಬಹುದು. ಬಂಕಿಗೆ ಹೋಗಿ ನೋಡೋಣ, ತಡೀರಿ."

ಬಂಕಿನ ಸಮತಟ್ಟಾದ ನೆಲಕ್ಕೆ ಗಾಡಿ ಬಂತು. ಮುಳ್ಳು ನಿಧಾನಕ್ಕೆ ಇಳಿಯಿತು. ಇಳಿದು ಇಳಿದು ತಳದ ಗೆರೆ ಮುಟ್ಟಿತು. ಪುಟ್ಟ ದೀಪವೊಂದು ಹೊತ್ತಿಕೊಂಡಿತು. ದಿನಾ ಬೆಳಗ್ಗೆ ಅಂಗಳದಲ್ಲಿ ಅದೇ ಇಳುಕಲಿನಲ್ಲಿ ಕೂತು ತಾನು ಕೊಟ್ಟ ತೀರ್ಪುಗಳೆಲ್ಲ ಡ್ರೈವರಣ್ಣನಿಗೆ ನೆನಪಾದವು.

ಕ್ಯೂ ಇನ್ನೂ ಕರಗಿರಲಿಲ್ಲ. ಹಿಂದಿನಿಂದ ಮರಿಗಳ ಚಿಂವ್ ಚಿಂವ್ ಜೋರಾಗಿತ್ತು. ಮಗಳು ಗಾಡಿಯನ್ನು ನೆರಳಿಗೆ ಹಾಕಿ, ಟಾರ್ಪಾಲು ಸರಿಸಿ, ಪೆಟ್ಟಿಗೆಗಳಿಗೆ ಗಾಳಿಯಾಡುವಂತೆ ಮಾಡಿದಳು. ಅಷ್ಟರಲ್ಲಿ ಡ್ರೈವರಣ್ಣ ಕುಂಟುತ್ತ ಕೆಳಗಿಳಿದ. ಯಾರ ಮುಂದೆಯೂ ತಲೆ ತಗ್ಗಿಸದವನು ಒಂದೊಂದೇ ಗಾಡಿಯ ಹತ್ತಿರ ಹೋಗಿ ಕೈ ಮುಗಿದ. "ಅಣ್ಣ, ಒಳಗೆ ಮರಿಗಳಿವೆ. ತಪ್ಪು ನನ್ನದು. ಸ್ವಲ್ಪ ಜಾಗ ಬಿಡಿ." ಒಬ್ಬರೂ ಇಲ್ಲ ಅನ್ನಲಿಲ್ಲ.

ಟ್ಯಾಂಕು ಬಾಯಾರಿದ ಎತ್ತಿನ ಹಾಗೆ ಕುಡಿಯಿತು. ಮತ್ತೆ ಏರು. ಮೊದಲು ತಿರುಗಿದ್ದ ಜಾಗ ದಾಟಿದ ಮೇಲೆ ದಾರಿ ಇನ್ನೂ ಕಡಿದಾಗಿತ್ತು. ಒಂದು ಮರ ಇಲ್ಲ, ಒಂದು ಅಂಗಡಿ ಇಲ್ಲ. ಡ್ರೈವರಣ್ಣ ಅಂದ: "ಇಲ್ಲೇ ಎಲ್ಲೋ ನಿಂತಿರ್ತಿದ್ವಿ." ಮಗಳು ಗೇರು ಬದಲಿಸಿದಳು ಅಷ್ಟೇ.

ಸಾಕಣೆ ಕೇಂದ್ರದ ಯಜಮಾನಿ ಒಂದೊಂದೇ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರು. ಅಪ್ಪ ಮಗಳಿಬ್ಬರೂ ಪಕ್ಕದಲ್ಲೇ ನಿಂತು ಇಣುಕಿದರು. ಒಳಗೆಲ್ಲ ಹಳದಿ ಮರಿಗಳು ಒಂದರ ಮೇಲೊಂದು ಹತ್ತಿ ಗಲಾಟೆ ಎಬ್ಬಿಸಿದ್ದವು.

"ಭೇಷ್! ಒಂದೂ ಬಾಡಿಲ್ಲ" ಎನ್ನುತ್ತ ಯಜಮಾನಿ ಡ್ರೈವರಣ್ಣನ ಕಡೆ ತಿರುಗಿದರು. "ಅನುಭವ ಅಂದ್ರೆ ಹೀಗಿರ್ಬೇಕು ನೋಡಿ."

"ನನ್ನ ಅನುಭವ ಅಲ್ಲಮ್ಮ" ಅಂದ ಡ್ರೈವರಣ್ಣ. ಮಗಳ ಹೆಗಲ ಮೇಲೆ ಕೈಯಿಟ್ಟು ಮುಂದುವರಿಸಿದ. "ನನ್ನ ಮಾತು ಕೇಳಿದ್ರೆ ಇವೆಲ್ಲ ಗುಡ್ಡದಲ್ಲೇ ಸತ್ತಿರ್ತಿದ್ವು. ಇವಳು ನನ್ನ ಮಗಳು. ನಾನು ಬೇಡ ಅಂದ್ರೂ ಗಾಡಿ ತಿರುಗಿಸಿದ್ಲು. ಮುಂದಿನ ಲೋಡಿಗೆ ಇವಳನ್ನೇ ಕೇಳಿ, ನನ್ನನ್ನಲ್ಲ."

ಮನೆಗೆ ಬಂದ ಮೇಲೆ ಹೆಂಡತಿಗೂ ಅದನ್ನೇ ಹೇಳಿದ. ಪಕ್ಕದ ಮನೆಯವರಿಗೆ ಹೇಳಿದ. ಗ್ಯಾರೇಜಿನಲ್ಲಿ, ಸ್ಟ್ಯಾಂಡಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದ. "ಸಾಕು ಮಾರಾಯ್ರೇ, ಮರಿಗಳಿಗೂ ಈ ಕಥೆ ಬಾಯಿಪಾಠ ಆಗಿರುತ್ತೆ" ಎಂದು ಹೆಂಡತಿ ರೇಗಿಸಿದರೂ ಅವನು ನಿಲ್ಲಿಸಲಿಲ್ಲ.

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಮುಳ್ಳು ನಿಮಗೆ ಮೋಸ ಮಾಡುವುದಿಲ್ಲ. ಆದರೆ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಒಂದು ಗಳಿಗೆ ಬಿಟ್ಟು ನೋಡಬೇಕು. ಪರದೆಯ ನಂಬರು ನಿನ್ನೆಯ ದಾರಿ ನೋಡಿ ಹೇಳಿದ ಅಂದಾಜು, ಇವತ್ತಿನ ಗುಡ್ಡಕ್ಕೆ ಕೊಟ್ಟ ಭರವಸೆಯಲ್ಲ. ಏರು ಇದ್ದರೆ, ಲೋಡು ಇದ್ದರೆ, ಲೋಡು ಹಾಕುವ ಮೊದಲೇ ಟ್ಯಾಂಕು ತುಂಬಿಸಿಕೊಳ್ಳಿ. ನಂಬರು ಬೇಗ ಬೇಗ ಇಳಿಯತೊಡಗಿದರೆ ಹಿಂದಕ್ಕೆ ತಿರುಗಲು ನಾಚಬೇಡಿ. ಸ್ಟೇರಿಂಗ್ ಹಿಡಿದ ಮಗಳೋ ಮಗನೋ "ತುಂಬಿಸೋಣ" ಅಂದರೆ ಗದರಬೇಡಿ, ಬಂಕಿನ ಕಡೆ ಕೈ ತೋರಿಸಿ.