ಬಲಗೆನ್ನೆ

ರೇವಮ್ಮ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಮುಟ್ಟಲಿಲ್ಲ. ಬ್ಯಾಗಿನಿಂದ ಒಂದು ಫೋಟೋ ತೆಗೆದು ನೋಡಿದರು. ಎದುರಿಗೆ ಕೂತಿದ್ದ ರೂಪಶ್ರೀಯ ಮುಖ ನೋಡಿದರು. ಮತ್ತೆ ಫೋಟೋ ನೋಡಿದರು.

"ಇದು ಇವಳದ್ದೇ ಏನ್ರೀ? ಇಲ್ಲ, ಇನ್ನೊಬ್ಬಳು ಮಗಳಿದಾಳಾ ನಿಮಗೆ?"

ಕೇಳಿದ್ದು ಸೋಮಶೇಖರ್ ಅವರನ್ನು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. "ಅವಳದ್ದೇ ಅಮ್ಮ. ಕಿಟಕಿ ಬೆಳಕಲ್ಲಿ ತೆಗೆದಿದ್ದು. ಲೈಟಿಂಗ್ ಸ್ವಲ್ಪ ಹಾಗೆ ಬಂದಿದೆ."

"ಲೈಟಿಂಗಾ?" ರೇವಮ್ಮ ಫೋಟೋವನ್ನು ಟೀಪಾಯಿಯ ಮೇಲಿಟ್ಟರು. ಅವರ ಮಗ ಷಡಕ್ಷರಿ, ಅಂದರೆ ಹುಡುಗ, ನೆಲ ನೋಡುತ್ತ ಕೂತಿದ್ದ. ಕುಣಿಗಲ್‌ನಲ್ಲಿ ಅವನದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಜೋಡಿ ಮಾಡಿಸಲು ಕರೆತಂದಿದ್ದ ಗುರುಸಿದ್ದಯ್ಯ ಮಾತ್ರ ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಿರಲಿಲ್ಲ.

ರೂಪಶ್ರೀ ಕೈ ಚಾಚಿ ಫೋಟೋ ಎತ್ತಿಕೊಂಡಳು. ಅದರಲ್ಲಿ ಅವಳದೇ ಹಸಿರು ಸೀರೆ, ಅವಳದೇ ಮೂಗುಬೊಟ್ಟು. ಆದರೆ ಬಲಗಿವಿಯ ಕೆಳಗಿನಿಂದ ಬಾಯಿಯ ಅಂಚಿನವರೆಗೆ ಹರಡಿದ, ಮುಟ್ಟಿದರೆ ಒರಟಾಗಿ ಸಿಗುವ ಕಲೆ ಇರಲಿಲ್ಲ. ಆ ಜಾಗದಲ್ಲಿ ನುಣ್ಣನೆಯ ಕೆನ್ನೆಯೊಂದಿತ್ತು. ಅಂಥ ಕೆನ್ನೆ ಅವಳಿಗೆ ಆರನೆಯ ವಯಸ್ಸಿನ ತನಕ ಇತ್ತು.

ರೇವಮ್ಮ ಅದನ್ನು ಅವಳ ಕೈಯಿಂದ ತೆಗೆದು ಮತ್ತೆ ಬ್ಯಾಗಿಗೆ ಹಾಕಿಕೊಂಡರು. ಬಂದವರು ಕಾಫಿ ಕುಡಿಯದೆ ಎದ್ದರು. ಹೊಸಿಲು ದಾಟುವಾಗ ರೇವಮ್ಮ ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಇದ್ದದ್ದು ಇದ್ದಂಗೆ ಹೇಳಿದ್ರೆ ಏನಾಗ್ತಿತ್ತು? ಈ ಬಿಸಿಲಲ್ಲಿ ಅಲ್ಲಿಂದ ಬರೋದು ತಪ್ತಿತ್ತು."

ಅದು ಎರಡು ಸಾವಿರದ ಆರನೆಯ ಇಸವಿ, ಮಾರ್ಚ್ ತಿಂಗಳ ಒಂದು ಭಾನುವಾರ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಅವರ ಮನೆ. ಸೋಮಶೇಖರ್ ಗುಬ್ಬಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಹರೆಯದಿಂದ ಅವರಿಗೆ ಯಂತ್ರಗಳ ಹುಚ್ಚು. ಮೊದಲು ರೇಡಿಯೋ ಬಿಚ್ಚಿ ಜೋಡಿಸುವುದು, ಆಮೇಲೆ ಟೇಪ್ ರೆಕಾರ್ಡರು, ಈಗ ಮೂರು ವರ್ಷದಿಂದ ಡಿಜಿಟಲ್ ಕ್ಯಾಮೆರಾ. ರೀಲು ತೊಳೆಸುವ ಖರ್ಚಿಲ್ಲವೆಂದು ಎದುರಿಗೆ ಸಿಕ್ಕಿದ್ದನ್ನೆಲ್ಲ ತೆಗೆಯುತ್ತಿದ್ದರು. ಕಡಬದ ಕೆರೆಯ ಕೊಕ್ಕರೆ, ನೆಂಟರ ಗೃಹಪ್ರವೇಶ, ದೋಸೆ ಹುಯ್ಯುತ್ತಿರುವ ಹೆಂಡತಿ ದಾಕ್ಷಾಯಣಿ, ಮಗಳು. ಮಗಳನ್ನಂತೂ ಲೆಕ್ಕವಿಲ್ಲದಷ್ಟು.

ಆ ಫೋಟೋಗಳನ್ನು ರೂಪಶ್ರೀ ನೋಡುತ್ತಿರಲಿಲ್ಲ. ಸ್ಕೂಲಿನ ಗ್ರೂಪ್ ಫೋಟೋದಲ್ಲೂ ತನ್ನನ್ನು ಹುಡುಕಿಕೊಳ್ಳದ ಹುಡುಗಿ ಅವಳು. ಈಗ ಇಪ್ಪತ್ತೆರಡು ವರ್ಷ, ಖಾಸಗಿ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ. ಅಪ್ಪ "ಇಲ್ಲಿ ನೋಡೇ, ಎಷ್ಟು ಚೆನ್ನಾಗಿ ಬಂದಿದೆ" ಎಂದಾಗಲೆಲ್ಲ "ಹೂಂ" ಎಂದು ಒಳಗೆ ಹೋಗಿಬಿಡುತ್ತಿದ್ದಳು.

ಅವತ್ತು ಮಾತ್ರ ಅವಳೇ ನಡುಮನೆಯ ಕಂಪ್ಯೂಟರಿನ ಮುಂದೆ ಕೂತು ಮಾನಿಟರಿನ ಮೇಲಿನ ಕಸೂತಿ ಬಟ್ಟೆಯನ್ನು ಎಳೆದು ಹಾಕಿದಳು.

"ನನ್ನ ಫೋಟೋ ಎಲ್ಲಿವೆ?"

"ಈಗ ಯಾಕಮ್ಮ? ಊಟ ಮಾಡು ಮೊದ್ಲು."

"ಎಲ್ಲಿವೆ ಅಂತ ಕೇಳ್ದೆ."

ವರ್ಷಕ್ಕೊಂದು ಫೋಲ್ಡರ್ ಇತ್ತು, ಒಳಗೆ ತಿಂಗಳಿಗೊಂದು. ಒಂದೊಂದನ್ನೇ ತೆರೆದಳು. ಚಿಕ್ಕಮ್ಮನ ಮನೆಯ ನಾಮಕರಣ, ಯಡಿಯೂರಿಗೆ ಹೋಗಿದ್ದು, ಡಿಪ್ಲೊಮಾ ಸರ್ಟಿಫಿಕೇಟ್ ತಂದ ದಿನ, ಜ್ವರ ಬಂದು ಮಲಗಿದ್ದಾಗ ಕಂಬಳಿಯೊಳಗಿನ ಮುಖ. ಎಲ್ಲದರಲ್ಲೂ ಬಲಗೆನ್ನೆ ನುಣ್ಣಗಿತ್ತು. ಹಳೆಯ ಫೋಟೋಗಳಲ್ಲಿ ಕೈಕೆಲಸ ಒರಟಾಗಿತ್ತು, ಎಡಗೆನ್ನೆಯ ಚರ್ಮವನ್ನು ತಂದು ಮೆತ್ತಿದ್ದು ಕಾಣುತ್ತಿತ್ತು. ಬರಬರುತ್ತ ಪಳಗಿದ್ದರು. ಕೊನೆಕೊನೆಯವುಗಳಲ್ಲಿ ಹುಬ್ಬು ಗಂಟಿಕ್ಕಿ ಹುಡುಕಿದರೂ ಏನೂ ಗೊತ್ತಾಗುತ್ತಿರಲಿಲ್ಲ. ಯಾರದೋ ಮದುವೆಯಲ್ಲಿ ಇಪ್ಪತ್ತು ಜನರ ಹಿಂದೆ ನಿಂತಿದ್ದ, ಕಡಲೆಕಾಳಿನಷ್ಟು ಕಾಣುವ ಅವಳ ಮುಖವನ್ನೂ ಬಿಟ್ಟಿರಲಿಲ್ಲ.

"ತಿದ್ದದೇ ಇರೋದು ಎಲ್ಲಿ?"

ಸೋಮಶೇಖರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಜಾಗ ಸಾಲ್ತಿರ್ಲಿಲ್ಲ. ಅದರ ಮೇಲೇ ಸೇವ್ ಮಾಡ್ಬಿಟ್ಟೆ."

"ಎಲ್ಲಾನೂ?"

"ಹೂಂ."

"ಮೂರು ವರ್ಷದ್ದು?"

ರೂಪಶ್ರೀ ಕುರ್ಚಿ ತಿರುಗಿಸಿ ಅಡುಗೆಮನೆಯ ಕಡೆ ನೋಡಿದಳು. ದಾಕ್ಷಾಯಣಿ ಉಳಿದ ಉಪ್ಪಿಟ್ಟನ್ನು ಮತ್ತೆ ಬಾಣಲೆಗೆ ಸುರಿಯುತ್ತಿದ್ದರು.

"ಅಮ್ಮಾ, ನಿಂಗೂ ಗೊತ್ತಿತ್ತಾ?"

"ಅಪ್ಪ ಇಷ್ಟಪಟ್ಟು ಮಾಡ್ತಿದ್ರು ಕಣೇ. ನೀನೂ ಚೆನ್ನಾಗಿ ಕಾಣ್ತಿದ್ದೆ..."

"ಹಂಗಾದ್ರೆ ಈಗ ಹೆಂಗೆ ಕಾಣ್ತಿದೀನಿ?"

ದಾಕ್ಷಾಯಣಿ ಸೌಟು ಕೆಳಗಿಟ್ಟರು.

"ಹೇಳಮ್ಮ! ಬೆಳಿಗ್ಗೆ ಎದ್ದು ಕಾಫಿ ಕೊಡ್ತೀಯಲ್ಲ, ಆವಾಗ ಯಾವ ಮುಖ ನೋಡ್ತೀಯ? ಇವರು ಇಲ್ಲಿ ಕೂತ್ಕೊಂಡು ಬಳಿದಿರೋದಾ? ಆ ಹೆಂಗಸು ನನ್ನ ಮುಂದೇನೇ ಇನ್ನೊಬ್ಬಳು ಮಗಳಿದಾಳಾ ಅಂತ ಕೇಳಿದ್ಲು. ಸರಿಯಾಗೇ ಕೇಳಿದ್ಲು. ಇದಾಳೆ, ಈ ಡಬ್ಬದೊಳಗೆ ಇದಾಳೆ ನಿಮ್ಮ ಮಗಳು. ಅವಳಿಗೇ ಮದುವೆ ಮಾಡಿ!"

ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಯಾರೂ ಎತ್ತಲಿಲ್ಲ.

ಹತ್ತು ದಿನ ಮನೆಯಲ್ಲಿ ಮಾತಿರಲಿಲ್ಲ. ಸೋಮಶೇಖರ್ ಬೆಳಿಗ್ಗೆ ರೈಲಿಗೆ ಹೋಗುತ್ತಿದ್ದರು, ಸಂಜೆ ಬಂದು ಕಂಪ್ಯೂಟರ್ ಮುಟ್ಟದೆ ರೇಡಿಯೋ ಹಚ್ಚುತ್ತಿದ್ದರು. ರೂಪಶ್ರೀ ಲ್ಯಾಬಿನಿಂದ ಬಂದವಳೇ ಕೋಣೆ ಸೇರುತ್ತಿದ್ದಳು. ಕೋಪ ಇಳಿಯುತ್ತದೆ ಎಂದು ದಾಕ್ಷಾಯಣಿ ಕಾದರು. ಇಳಿಯಲಿಲ್ಲ.

ಹನ್ನೊಂದನೆಯ ದಿನ ಲ್ಯಾಬಿಗೆ ಶುಗರ್ ಪರೀಕ್ಷೆಗೆ ಬಂದ ಪರಿಚಯದ ಹೆಂಗಸೊಬ್ಬಳು, ಸೂಜಿ ಚುಚ್ಚಿಸಿಕೊಳ್ಳುತ್ತಲೇ ಮಾತು ತೆಗೆದಳು: "ಅಲ್ಲಮ್ಮ, ಕುಣಿಗಲ್‌ನವರಿಗೆ ಬೇರೆ ಫೋಟೋ ಕೊಟ್ಟಿದ್ಯಂತೆ? ಗುರುಸಿದ್ದಯ್ಯನೋರು ಎಲ್ಲರ ಹತ್ರಾನೂ ಹೇಳ್ಕೊಂಡ್ ಓಡಾಡ್ತಿದಾರೆ. ಹುಡುಗಿ ಮೋಸ ಮಾಡಿದ್ಲು, ನನ್ನ ಮಾನ ಹೋಯ್ತು ಅಂತ. ಈ ಕಾಲದ ಹುಡುಗೀರು ಭಾರಿ ಚಾಲಾಕು ಬಿಡಿ ಅಂತಿದ್ರು."

ರೂಪಶ್ರೀ ರಕ್ತ ತೆಗೆದಳು, ಹತ್ತಿ ಒತ್ತಿದಳು, ಸೀಸೆಗೆ ಹೆಸರು ಅಂಟಿಸಿದಳು. ಅವತ್ತು ಸಂಜೆ ಮನೆಗೆ ಬಂದು ಅಪ್ಪನ ರೇಡಿಯೋ ಆರಿಸಿದಳು.

"ನಾಳೆ ರಜ ಹಾಕಿ. ಕುಣಿಗಲ್‌ಗೆ ಹೋಗೋಣ."

"ಯಾಕೆ?"

"ಫೋಟೋ ತಿದ್ದಿದ್ದು ಯಾರು ಅಂತ ನೀವು ಅವರಿಗೆ ಹೇಳ್ಬೇಕು. ಅಷ್ಟೇ. ಇನ್ನೇನೂ ಬೇಡ."

ಮಾರನೆಯ ದಿನ ಕುಣಿಗಲ್‌ಗೆ ಹೋದರು. ರೇವಮ್ಮ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಇವರನ್ನು ಕಂಡು ಗಾಬರಿಯಾಗಿ ಎದ್ದು, ಒಳಗೆ ಕರೆದು, ಅಂಗಡಿಯಲ್ಲಿದ್ದ ಮಗನಿಗೆ ಹೇಳಿ ಕಳಿಸಿದರು. ಷಡಕ್ಷರಿ ಬಂದು ಕೂತ ಮೇಲೆ ರೂಪಶ್ರೀ ಅಪ್ಪನ ಕಡೆ ತಿರುಗಿದಳು.

"ಹೇಳಿ."

"ಆ ಫೋಟೋ ತಿದ್ದಿದ್ದು ನಾನು," ಎಂದರು ಸೋಮಶೇಖರ್. "ಅವಳಿಗೆ ಗೊತ್ತಿರಲಿಲ್ಲ. ಅವಳದೇನೂ ತಪ್ಪಿಲ್ಲ."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಬಂದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಅವರು ನಿಲ್ಲಿಸಲಿಲ್ಲ. ತೊಂಬತ್ತರಲ್ಲಿ ತಾವು ಲಾರಿ ಬ್ಯಾಟರಿ ತಂದು ಮನೆಯಲ್ಲೇ ಎಮರ್ಜೆನ್ಸಿ ಲೈಟು ಮಾಡಲು ಹೊರಟಿದ್ದು, ಆಸಿಡ್ ಸೀಸೆಯನ್ನು ಕಟ್ಟೆಯ ಮೇಲೆ ಬಿರಡೆ ಹಾಕದೆ ಇಟ್ಟಿದ್ದು, ಮಗು ಓಡಿ ಬಂದು ಅದನ್ನು ಎಳೆದದ್ದು. ಆಸ್ಪತ್ರೆಗೆ ಹೊತ್ತು ಓಡಿದ್ದು, ಎಲ್ಲ ಹೇಳಿದರು. "ಅವಳ ಮುಖ ನೋಡಿದಾಗೆಲ್ಲ ಅದೇ ನೆನಪಾಗುತ್ತಮ್ಮ. ಹದಿನಾರು ವರ್ಷ ಆಯ್ತು. ಫೋಟೋದಲ್ಲಾದ್ರೂ ಸರಿ ಮಾಡೋಣ ಅಂತ..." ಮುಖ ಮುಚ್ಚಿಕೊಂಡು ಅತ್ತರು.

ರೇವಮ್ಮನ ಕಣ್ಣಲ್ಲೂ ನೀರು ಬಂತು. ಓಡಿಹೋಗಿ ಚೊಂಬಿನಲ್ಲಿ ನೀರು ತಂದರು. "ಅಳಬೇಡಿ ಸಾರ್. ಹೆತ್ತ ಕರುಳು, ಸುಮ್ನೆ ಇರುತ್ತಾ?" ಷಡಕ್ಷರಿ ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟ. "ಬಿಡಿ ಸಾರ್, ಯಾರಾಗಿದ್ರೂ ಹಿಂಗೇ ಮಾಡ್ತಿದ್ರು."

ಮೂವರೂ ಒಂದು ಕಡೆಯಾಗಿದ್ದರು. ಅವಳ ಕಡೆ ಯಾರೂ ನೋಡಲಿಲ್ಲ. ಆಸಿಡ್ ಬಿದ್ದ ದಿನದಿಂದಲೂ ಹೀಗೇ ಅಲ್ಲವೇ ಎಂದು ರೂಪಶ್ರೀಗೆ ಅನ್ನಿಸಿತು. ಬಂದ ನೆಂಟರೆಲ್ಲ ಅಪ್ಪನ ಕೈಹಿಡಿದು ಸಮಾಧಾನ ಹೇಳುತ್ತಿದ್ದರು. ಅವಳು ಬ್ಯಾಂಡೇಜು ಕಟ್ಟಿಸಿಕೊಂಡು ಚಾಪೆಯ ಮೇಲೆ ಕೂತು ಅದನ್ನು ನೋಡುತ್ತಿದ್ದಳು.

"ನೋಡೋಣ ತಗೊಳಿ," ಎಂದರು ರೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು. "ನಿಮ್ಮಂಥೋರ ಸಂಬಂಧ ಬಿಡೋಕೆ ನಮಗೂ ಮನಸ್ಸಿಲ್ಲ. ಈಗ ಬೆಂಗಳೂರಲ್ಲಿ ಅದಕ್ಕೂ ಆಪ್ರೇಶನ್ ಮಾಡ್ತಾರಂತೆ. ಮದ್ವೆಗೆ ಮುಂಚೆ ಅದೊಂದು ಮಾಡಿಸ್ಬಿಟ್ರೆ..."

ರೂಪಶ್ರೀ ಎದ್ದು ನಿಂತಳು.

"ಸುಟ್ಟಿದ್ದು ನನಗೆ. ನೀರು ಕುಡಿಸ್ತಿರೋದು ಅವರಿಗೆ. ಯಾರಾದ್ರೂ ನನ್ನನ್ನ ಒಂದು ಮಾತು ಕೇಳಿದ್ರಾ?"

"ಅಯ್ಯೋ, ಕೂತ್ಕೊಳಮ್ಮ, ನಾನೇನಂದೆ ಈಗ?"

"ನನ್ನನ್ನ ಒಪ್ಕೊಳಿ ಅಂತ ಕೇಳೋಕೆ ಬಂದಿಲ್ಲ ನಾನು. ಮೋಸ ಮಾಡಿದ್ದು ನಾನಲ್ಲ ಅಂತ ಹೇಳೋಕೆ ಬಂದೆ. ಅದನ್ನ ಗುರುಸಿದ್ದಯ್ಯನವರಿಗೆ ನೀವೇ ತಿಳಿಸಿ. ಆ ಫೋಟೋ ಕೊಡಿ ಇಲ್ಲಿ."

ರೇವಮ್ಮ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಫೋಟೋ ತಂದು ಕೊಟ್ಟರು. ರೂಪಶ್ರೀ ಅದನ್ನು ಅಲ್ಲೇ ಹರಿದು ಚೂರುಗಳನ್ನು ಬ್ಯಾಗಿಗೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ಹಿಂದಿನಿಂದ ರೇವಮ್ಮನ ದನಿ ಕೇಳಿತು: "ಅಬ್ಬಬ್ಬ! ಕಲೆ ಇದ್ರೂ ಹೆಂಗೋ ನಡೀತದೆ. ಈ ಬಾಯಿ ಇಟ್ಕೊಂಡು ಯಾರ ಮನೇಲಿ ಬಾಳ್ತಾಳೋ!"

ವಾಪಸು ಬರುವ ಬಸ್ಸಿನಲ್ಲಿ ಅವಳು ಮುಂದೆ ಕೂತಳು, ಅವರು ಹಿಂದೆ. ಹೆಬ್ಬೂರಿನಲ್ಲಿ ಜನ ಇಳಿದಾಗ ಸೋಮಶೇಖರ್ ಎದ್ದು ಬಂದು ಪಕ್ಕದಲ್ಲಿ ಕೂತರು.

"ತಪ್ಪಾಯ್ತು ರೂಪಾ."

"ಯಾವುದಕ್ಕೆ?"

"ಎಲ್ಲಾದಕ್ಕೂ. ಆವತ್ತು ಆ ಸೀಸೆ..."

"ಸೀಸೆ ಮಾತು ಬಿಡಿ ಅಪ್ಪ!" ಕಂಡಕ್ಟರ್ ತಿರುಗಿ ನೋಡಿದ. ಅವಳು ದನಿ ತಗ್ಗಿಸಲಿಲ್ಲ. "ಅದಕ್ಕೆ ನಿಮ್ಮ ಮೇಲೆ ನಂಗೆ ಒಂದಿನಾನೂ ಕೋಪ ಬಂದಿಲ್ಲ. ಅದು ಗೊತ್ತಿಲ್ದೆ ಆಗಿದ್ದು. ಇದನ್ನ ನೀವು ಮೂರು ವರ್ಷ ದಿನಾ ಕೂತ್ಕೊಂಡು ಬೇಕು ಅಂತ ಮಾಡಿದೀರಿ. ನಾನು ಪಕ್ಕದ ರೂಮಲ್ಲಿ ಊಟ ಮಾಡ್ತಿರ್ಬೇಕಾದ್ರೆ ನೀವು ನನ್ನ ಮುಖ ಅಳಿಸ್ತಿದ್ರಿ. ನಿಮಗೆ ನೋಡೋಕೆ ಕಷ್ಟ ಆಗುತ್ತೆ ಅಂತ. ಈ ಮುಖ ಇಟ್ಕೊಂಡು ಓಡಾಡೋದು ಯಾರು? ನೀವಾ?"

ತುಮಕೂರು ಬಂದಾಗ ಸೋಮಶೇಖರ್ ಅವಳ ಹಿಂದೆ ಇಳಿದರು.

ಮುಂದಿನ ವಾರ ಅವರು ಮತ್ತೆ ಕಂಪ್ಯೂಟರಿನ ಮುಂದೆ ಕೂತರು. ರೂಪಶ್ರೀ ಅದನ್ನು ಕಂಡು ಹಲ್ಲು ಕಚ್ಚಿದಳು. ದಾಕ್ಷಾಯಣಿ ಹೇಳಲು ಬಂದರೆ, "ಅವರ ಆಟ ಅವರು ಆಡ್ಕೊಳ್ಲಿ ಬಿಡು" ಎಂದಳು. ಆದರೆ ಅವರು ಮಾಡುತ್ತಿದ್ದದ್ದು ಬೇರೆ. ಕ್ಯಾಮೆರಾದ ಜೊತೆಯಲ್ಲೇ ಬಂದಿದ್ದ ಚಿಕ್ಕ ಮೆಮೊರಿ ಕಾರ್ಡನ್ನು, ದೊಡ್ಡದು ಕೊಂಡ ಮೇಲೆ ಡ್ರಾಯರಿಗೆ ಎಸೆದು ಮರೆತಿದ್ದರು. ಅಳಿಸಿದ ಫೋಟೋಗಳನ್ನು ಕಾರ್ಡಿನಿಂದ ಮತ್ತೆ ಹೊರತೆಗೆಯುವ ಸಾಫ್ಟ್‌ವೇರ್ ಇದೆಯೆಂದು ಪತ್ರಿಕೆಯಲ್ಲಿ ಓದಿದ್ದರು. ಸೈಬರ್ ಕೆಫೆಗೆ ಹೋಗಿ ಅದನ್ನು ಸೀಡಿಗೆ ಇಳಿಸಿಕೊಂಡು ಬಂದಿದ್ದರು. ಕರೆಂಟು ಹೋದಾಗಲೆಲ್ಲ ಅದು ಅರ್ಧಕ್ಕೆ ನಿಂತು ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ನಾಲ್ಕು ಸಂಜೆ ಹೀಗೇ ಹೋಯಿತು.

ಭಾನುವಾರ ಬೆಳಿಗ್ಗೆ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಒಂದ್ನಿಮಿಷ ಬರ್ತೀಯಾ?" ಎಂದರು.

ಹದಿನಾಲ್ಕು ಫೋಟೋ ಸಿಕ್ಕಿದ್ದವು. ಹೆಚ್ಚಿನವು ಅರ್ಧ ಬೂದುಬಣ್ಣದ ಪಟ್ಟಿ, ಕೆಲವು ಬರೀ ಗೆರೆ. ಒಂದು ಮಾತ್ರ ಪೂರ್ತಿಯಾಗಿ ಬಂದಿತ್ತು. ಮನೆಯ ಹಿತ್ತಿಲು, ಬಟ್ಟೆ ಒಣಹಾಕುತ್ತಿದ್ದ ರೂಪಶ್ರೀ ಯಾರೋ ಕರೆದದ್ದಕ್ಕೆ ತಿರುಗಿ ನಗುತ್ತಿದ್ದಾಳೆ. ಬೆಳಗಿನ ಬಿಸಿಲು ನೇರವಾಗಿ ಬಲಗೆನ್ನೆಯ ಮೇಲೆ ಬಿದ್ದಿದೆ. ಕಲೆಯ ಒಂದೊಂದು ಸುಕ್ಕೂ ಕಾಣುತ್ತಿದೆ.

"ಇದನ್ನ ಮುಟ್ಟಿಲ್ವಾ?"

"ಇಲ್ಲ ಕಣಮ್ಮ. ಆಣೆಗೂ ಇಲ್ಲ."

ಅವಳು ನಂಬಲಿಲ್ಲ. ಮೌಸ್ ಹಿಡಿದು ಕೆನ್ನೆಯನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಪರದೆಯ ತುಂಬ ಚೌಕ ಚೌಕ ಚುಕ್ಕೆಗಳಾಗುವವರೆಗೆ ಒಂದೊಂದು ಅಂಗುಲವನ್ನೂ ಸ್ಲೈಡಿನ ಮೇಲಿನ ರಕ್ತದ ಹನಿ ನೋಡುವಂತೆ ನೋಡಿದಳು. ಸೋಮಶೇಖರ್ ಕೈಕಟ್ಟಿ ನಿಂತು ಕಾದರು. ಮೆತ್ತಿದ ಗುರುತು ಎಲ್ಲೂ ಸಿಗಲಿಲ್ಲ.

ಖಾಲಿ ಸೀಡಿಯೊಂದನ್ನು ಕೇಳಿ ಇಸಿದುಕೊಂಡು ಆ ಫೋಟೋವನ್ನು ಅದಕ್ಕೆ ಹಾಕಿದಳು. ಸೀಡಿ ಹೊರಬಂದ ಮೇಲೆ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದಳು. ಆಮೇಲೆ ವರ್ಷದ ಫೋಲ್ಡರುಗಳನ್ನು ತೆರೆದು, ತನ್ನದಲ್ಲದ ಕೆನ್ನೆಯ ಫೋಟೋಗಳನ್ನು ಒಂದೊಂದಾಗಿ ಆರಿಸಿ ಅಳಿಸತೊಡಗಿದಳು. ಕೊಕ್ಕರೆಗಳನ್ನು ಬಿಟ್ಟಳು, ಅಮ್ಮನ ದೋಸೆ ಬಿಟ್ಟಳು. ಮಧ್ಯಾಹ್ನದವರೆಗೆ ಹಿಡಿಯಿತು. ಸೋಮಶೇಖರ್ ಒಮ್ಮೆ "ಅದು ನಿನ್ನ ಡಿಪ್ಲೊಮಾ ದಿನದ್ದು..." ಎಂದು ಶುರುಮಾಡಿ, ಅವಳ ಮುಖ ನೋಡಿ ನಿಲ್ಲಿಸಿದರು.

"ಇನ್ಮೇಲೆ ನನ್ನ ಫೋಟೋ ತೆಗೀಬೇಕಾದ್ರೆ ಕೇಳ್ಬೇಕು," ಎಂದಳು ಏಳುತ್ತ. "ನಾನು ಬೇಡ ಅಂದ್ರೆ ಬೇಡ."

"ಆಯ್ತು."

"ಗುರುಸಿದ್ದಯ್ಯನವರ ಮನೆಗೆ ಇವತ್ತು ಸಂಜೆ ಹೋಗಿ. ರೇವಮ್ಮ ಹೇಳಿರಲ್ಲ, ನಂಗೊತ್ತು. ನೀವೇ ಹೇಳಿ. ಅಳದೆ ಹೇಳಿ."

ಅವರು ಹೋದರು. ಏನು ಹೇಳಿದರೋ, ಅತ್ತರೋ ಇಲ್ಲವೋ ಅವಳು ಕೇಳಲಿಲ್ಲ. ಅವರು ಬಂದಾಗ ತಟ್ಟೆ ಹಾಕಿ, ಸಾರು ಬಡಿಸಿ, ಎದುರಿಗೆ ಕೂತು ಊಟ ಮಾಡಿದಳು. ಬಲಗಡೆಯ ದೀಪದ ಬೆಳಕು ಅವಳ ಮುಖದ ಮೇಲಿತ್ತು. ಅಪ್ಪ ತಲೆ ತಗ್ಗಿಸಿದಾಗ, "ತಲೆ ಎತ್ತಿ ಊಟ ಮಾಡಿ" ಎಂದಳು.