ಮೇಲ್ಕಂಡ ಗುರುತು ನನ್ನದೇ

ಜೇಬು, ಇನ್ನೊಂದು ಜೇಬು, ಒಳಜೇಬು, ಮತ್ತೆ ಮೊದಲಿನ ಜೇಬು — ಕೌಂಟರಿನ ಆಚೆ ನಿಂತ ದಪ್ಪ ಮನುಷ್ಯ ತನ್ನ ಮೈಯನ್ನು ತಾನೇ ಡೋಲಿನ ಹಾಗೆ ಬಾರಿಸಿಕೊಳ್ಳುತ್ತಿದ್ದಾನೆ, ಇಲ್ಲೇ ಇತ್ತಪ್ಪ ಚೀಟಿ, ಎಲ್ಲೋ ಬಿದ್ದುಹೋಯ್ತು ಅನ್ಸುತ್ತೆ, ಮತ್ತು ಕೌಂಟರಿನ ಈಚೆ ಲಗೇಜ್ ರೂಮಿನ ಗುಮಾಸ್ತನಿಗೆ, ವಯಸ್ಸು ಇಪ್ಪತ್ತಾರು, ತನ್ನ ಬದುಕಿಗೆ ತಾನೇ ಹಿನ್ನೆಲೆ ಸಂಗೀತ ಕೊಟ್ಟುಕೊಂಡು ಓಡಾಡುವ ಹುಡುಗನಿಗೆ, ಕಾಲಡಿಯ ಕಲ್ಲುಚಪ್ಪಡಿ ಮೆಲ್ಲಗೆ ಜಾರಿದಂತಾಗುತ್ತದೆ, ಈ ಭೂಮಿ ಮೇಲೆ ಯಾರು ಬೇಕಾದರೂ ಚೀಟಿ ಕಳೆಯಲಿ, ಈ ಮನುಷ್ಯ ಕಳೆಯಬಾರದಿತ್ತು, ಈತ ಅವಳ ಅಪ್ಪ, ಅದು ಗೊತ್ತಾಗಿ ಇನ್ನೂ ಹತ್ತು ನಿಮಿಷ ಆಗಿಲ್ಲ.

ಅವಳು ಅಂದರೆ ಇವಳೇ, ಈ ಹಳೇ ಸ್ಟೇಷನ್ನಿನ ಗುಮ್ಮಟದೊಳಗೆ ಪಾರಿವಾಳಗಳ ಜೊತೆ ಸುತ್ತುತ್ತಿರುವ ದನಿ, ಪ್ರಯಾಣಿಕರ ಗಮನಕ್ಕೆ, ಮೂರನೇ ಪ್ಲಾಟ್‌ಫಾರ್ಮಿಗೆ ಬರಬೇಕಾದ ಗಾಡಿ ನಲವತ್ತು ನಿಮಿಷ ತಡವಾಗಿ ಬರುವ ನಿರೀಕ್ಷೆಯಿದೆ — ಆ ನಿರೀಕ್ಷೆ ಅನ್ನುವ ಪದ ಅವಳ ಬಾಯಿಂದ ಬರಲಿ ಅಂತಲೇ ಗಾಡಿಗಳು ತಡ ಮಾಡುತ್ತವೆ ಅನ್ನುವುದು ಇವನ ಸಿದ್ಧಾಂತ, ಎಂಟು ತಿಂಗಳಿಂದ ತಡವಾದ ಒಂದು ಗಾಡಿಯನ್ನೂ ಇವನು ಬೈದಿಲ್ಲ — ಈಗಷ್ಟೇ ಟೀ ಹೊತ್ತಿಗೆ ಕೆಳಗಿಳಿದು ಬಂದಿದ್ದವಳು ಕಿಟಕಿಗೆ ಮೊಣಕೈ ಊರಿ, ಅಪ್ಪ ಬಂದಿದ್ರಲ್ಲ, ನೋಡಿದ್ಯಾ, ಅಂದಳು. ಯಾವ ಅಪ್ಪ, ಅವರು ಬರೋದು ನಾಡಿದ್ದಲ್ವಾ. ಹೇಳದೆ ಬರ್ತೀನಿ, ಹುಡುಗ ಕೆಲಸದಲ್ಲಿ ಹೇಗಿರ್ತಾನೆ ನೋಡ್ಬೇಕು ಅಂದಿದ್ರು, ಬೆಳಿಗ್ಗೆನೇ ಪೆಟ್ಟಿಗೆ ಇಟ್ಟು ಹೋಗಿದಾರಂತೆ, ಈಗ ಫೋನಲ್ಲಿ ಹೇಳಿದ್ರು, ಕಂದು ಪೆಟ್ಟಿಗೆ, ಹಿಡಿಗೆ ಹಸಿರು ದಾರ, ವಾಪಸ್ ತಗೊಂಡ್ಮೇಲೆ ನನಗೆ ಒಂದೇ ಮಾತು ಹೇಳ್ತಾರೆ, ಆಯ್ತು ಅಥವಾ ಬೇಡ, ಬೇಡ ಅಂದ್ರೆ ನಾನು ಈ ಕಿಟಕಿ ಕಡೆ ತಲೆ ಹಾಕಲ್ಲ, ಮೊದಲೇ ಹೇಳಿದೀನಿ, ಅವರತ್ರ ತಮಾಷೆ ಗಿಮಾಷೆ ಮಾಡಿಲ್ಲ ತಾನೆ. ತಮಾಷೆನಾ, ನಾನಾ. ಅವರ ಹತ್ತಿರ ಮಾಡಿರಲಿಲ್ಲ, ನಿಜ. ಪುಸ್ತಕದಲ್ಲಿ ಮಾಡಿದ್ದ.

ಪುಸ್ತಕ ಅಂದರೆ ಈ ರೂಮಿನ ದಪ್ಪ ರಿಜಿಸ್ಟರು, ಅದರ ನಿಯಮ ಗೋಡೆಯ ತಗಡಿನ ಫಲಕದ ಮೇಲಿದೆ, ಫಲಕ ಇವನ ತಾತನಿಗಿಂತ ಹಳೆಯದು — ಪೆಟ್ಟಿಗೆ ಇಡುವವರ ಚಹರೆಯನ್ನು ಗುರುತು ಅನ್ನುವ ಅಂಕಣದಲ್ಲಿ ಬರೆಯಬೇಕು, ಚೀಟಿ ಕಳೆದವರು ಆ ಗುರುತನ್ನು ಓದಿ, ಕೆಳಗೆ ಮೇಲ್ಕಂಡ ಗುರುತು ನನ್ನದೇ ಅಂತ ಹೆಬ್ಬೆಟ್ಟು ಒತ್ತಬೇಕು, ಒಪ್ಪದವರಿಗೆ ಪೆಟ್ಟಿಗೆ ಇಲ್ಲ, ಬರೆದದ್ದನ್ನು ಹೊಡೆದುಹಾಕಿದ ಗುಮಾಸ್ತನಿಗೆ ಕೆಲಸ ಇಲ್ಲ. ಹಿಂದಿನ ಗುಮಾಸ್ತರು ಪಾಪ, ಎತ್ತರ, ಕೋಟು, ಎಡಗಾಲು ಕುಂಟು ಅಂತ ಬರೆದು ನಿವೃತ್ತರಾದರು, ಇವನಿಗೆ ಅಷ್ಟಕ್ಕೆ ಕೈ ನಿಲ್ಲಲ್ಲ, ಕಲಾವಿದ, ಚೀಟಿ ಕಳೆಯುವವರು ವರ್ಷಕ್ಕೆ ಇಬ್ಬರು, ಓದೋರು ಯಾರು, ಅಂತ ಇವನು ಬರೆದದ್ದು ಹೀಗೆ — ಹೆಂಗಸು, ಎಲ್ಲಾ ಪೆಟ್ಟಿಗೆಗೂ ಬೀಗ ಹಾಕಿದಾಳೆ, ಬಾಯಿ ಒಂದು ಬಿಟ್ಟು — ಅಣ್ಣ ತಮ್ಮ, ಇಬ್ಬರಿಗೂ ಸೇರಿ ಒಂದೇ ಬುದ್ಧಿ, ಇವತ್ತು ತಮ್ಮನ ಸರದಿ — ಊಟದ ಹೊತ್ತಲ್ಲಿ ತೂಕದ ಯಂತ್ರದ ಮೇಲೆ ಕೂತು ಇದನ್ನೆಲ್ಲ ಓದಿ ಓದಿ ನಗುವವನು ತೂಕದಣ್ಣ, ಈ ರೂಮಲ್ಲಿ ಇವನಿಗಿಂತ ಹಿರಿಯ, ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಯಾವತ್ತಾದ್ರೂ ಇದು ನಿನ್ನ ಕುತ್ತಿಗೆಗೇ ಸುತ್ತಿಕೊಳ್ಳುತ್ತೆ ಕಣೋ, ಅನ್ನುತ್ತಾನೆ. ಈಗ ಮೂಲೆಯಲ್ಲಿ ಒಂದು ಹಾಸಿಗೆ ಸುರುಳಿಯನ್ನು ಮೂರನೇ ಸಲ ತೂಗುತ್ತಿದ್ದಾನೆ, ಕಿವಿ ಮಾತ್ರ ಇಲ್ಲಿ. ಬೆಳಿಗ್ಗೆ ಕಂದು ಪೆಟ್ಟಿಗೆಗೆ ಬರೆದದ್ದು ಇವನಿಗೆ ಬಾಯಿಪಾಠ, ಅಷ್ಟು ಚೆನ್ನಾಗಿ ಬಂದಿತ್ತು ಅಂತ ತನಗೆ ತಾನೇ ಚಪ್ಪಾಳೆ ಬೇರೆ ಹೊಡೆದುಕೊಂಡಿದ್ದ — ಮೊದಲು ಹೊಟ್ಟೆ ಬಂತು, ಆಮೇಲೆ ಮನುಷ್ಯ ಬಂದ. ಮುಖ, ಕೊನೇ ರೀಲಲ್ಲಿ ಏಟು ತಿನ್ನೋ ವಿಲನ್. ಮೀಸೆ, ಶೂ ಪಾಲಿಶ್.

ಚೀಟಿ ಇಲ್ದಿದ್ರೂ ಕೊಡ್ತೀನಿ ಸಾರ್, ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ ದೊಡ್ಡ ಮನುಷ್ಯರು ಅಂತ. ಹಾಗೆ ಯಾರ್ಯಾರಿಗೋ ಕೊಟ್ಟುಬಿಡ್ತೀಯೇನಪ್ಪ, ಅಂತ ಅವರು, ಅಯ್ಯೋ ಇದು ಪರೀಕ್ಷೆ, ಫೇಲಾದೆ, ಇಲ್ಲ ಸಾರ್, ನಿಯಮ ಅಂದ್ರೆ ನಿಯಮ, ನಮ್ಮಪ್ಪ ಬಂದ್ರೂ ಅಷ್ಟೆ — ಛೆ, ಅಪ್ಪನ ಸುದ್ದಿ ಯಾಕೆ ಎತ್ತಿದೆ — ನಾನೇ ಓದಿ ಹೇಳ್ತೀನಿ, ಅಂತ ಪುಸ್ತಕವನ್ನು ತನ್ನ ಕಡೆಗೆ ವಾಲಿಸಿಕೊಂಡು, ಗಂಭೀರ ವ್ಯಕ್ತಿತ್ವ, ರಾಜಕಳೆ, ಹೆತ್ತವರ ಪುಣ್ಯ, ಎಂದು ಬಾಯಿಗೆ ಬಂದದ್ದನ್ನು ಓದುತ್ತಾನೆ, ಸರದಿಯಲ್ಲಿ ನಿಂತ ಹೆಂಗಸೊಬ್ಬಳು ಕತ್ತು ಚಾಚಿ ಆ ರಾಜಕಳೆಯನ್ನು ಹುಡುಕುತ್ತಾಳೆ, ಮೂಲೆಯಲ್ಲಿ ಹಾಸಿಗೆ ಸುರುಳಿ ಕೆಮ್ಮುತ್ತದೆ. ಕೊಡಿಲ್ಲಿ, ಒತ್ತೋನು ನಾನು, ಓದೋನೂ ನಾನೇ. ಕನ್ನಡಕದ ಅಂಗಡಿ ಇಟ್ಟವರು ಅಂತ ಅವಳು ಹೇಳಿದ್ದಳು, ಮೇಲುಜೇಬಿನಿಂದ ಒಂದು ಕನ್ನಡಕ ಬಂತು, ಅದು ಬೇಡವಾಗಿ ಇನ್ನೊಂದು ಬಂತು, ಗೋಡೆ ಮೇಲಿನ ಇರುವೆಯ ನೆರಳನ್ನೂ ಓದುವಂಥದ್ದು, ಪುಸ್ತಕ ತಿರುಗಿತು, ಇನ್ನು ಮುಗೀತು, ಪರದೆ ಮೇಲೆ ಶುಭಂ ಬರಬೇಕು, ಆದರೆ ಅವಳ ಮದುವೆಯ ಮಂಗಳಹಾಡು ಬೇರೆಯವರ ಮನೆಯಲ್ಲಿ.

ಮೊದಲು ಹೊಟ್ಟೆ ಬಂತು. ಜೋರಾಗಿ ಓದುತ್ತಾರೆ, ಇಡೀ ಸರದಿಗೆ ಕೇಳುವ ಹಾಗೆ, ಹೊಟ್ಟೆಯನ್ನೊಮ್ಮೆ ನೋಡಿಕೊಳ್ಳುತ್ತಾರೆ, ಸರಿ, ಇದು ನನ್ನದೇ. ವಿಲನ್. ನಮ್ಮ ಮನೆಯವಳೂ ಇದನ್ನೇ ಅಂತಾಳೆ, ಇದೂ ಸರಿ. ಮೀಸೆ, ಶೂ ಪಾಲಿಶ್ — ಇಲ್ಲಿ ದನಿ ನಿಂತಿತು. ಇದು ಸುಳ್ಳು. ಸಾರ್. ಸುಳ್ಳಪ್ಪ ಇದು, ನಂದು ಹುಟ್ಟುಬಣ್ಣ, ನಮ್ಮ ವಂಶದಲ್ಲೇ ಯಾರಿಗೂ ಮೀಸೆ ನರೆಯಲ್ಲ. ಹೌದು ಸಾರ್, ಹುಟ್ಟುಬಣ್ಣವೇ, ನಂದೇ ಕಣ್ಣು ಸರಿಯಿಲ್ಲ. ಹಾಗಾದ್ರೆ ಹೊಡೆದುಹಾಕು. ಹೊಡೆದ್ರೆ ಕೆಲಸ ಹೋಗುತ್ತೆ ಸಾರ್. ಒಪ್ಪಿದ್ರೆ ನನ್ನ ಮಾನ ಹೋಗುತ್ತಲ್ಲ. ಸರದಿ ಎರಡಾಗಿ ಒಡೆಯಿತು, ಬಣ್ಣವೇ ಅಂತ ಹೆಂಗಸು, ಇರಲಿಕ್ಕಿಲ್ಲ ಅಂತ ಹಿಂದಿನ ಬೋಳುತಲೆ, ಪ್ರಯಾಣಿಕರ ಗಮನಕ್ಕೆ, ಐದನೇ ಪ್ಲಾಟ್‌ಫಾರ್ಮಿನ ಗಾಡಿ ಇನ್ನು ಏಳು ನಿಮಿಷದಲ್ಲಿ ಹೊರಡಲಿದೆ — ಅದು ಇವರದೇ ಗಾಡಿ, ಮಗಳೇ ಮೇಲಿಂದ ಓಡಿಸುತ್ತಿದ್ದಾಳೆ — ಮುಖವೆಲ್ಲ ಬೆವರು, ಮೂಗಿನ ಕೆಳಗೆ ಹೆಬ್ಬೆರಳಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿಕೊಂಡರು, ಆಯ್ತು, ಕೊಡು ಎಲ್ಲಿ ಶಾಯಿ. ಶಾಯಿ ಡಬ್ಬಿ ಒಣಗಿ ಆರು ತಿಂಗಳಾಯಿತು ಸಾರ್, ಸುಮ್ಮನೆ ಒತ್ತಿಬಿಡಿ, ಶಾಸ್ತ್ರಕ್ಕೆ. ಒತ್ತಿದರು. ಎತ್ತಿದರು.

ಕಪ್ಪು. ಮೇಲ್ಕಂಡ ಗುರುತು ನನ್ನದೇ ಅನ್ನುವ ಸಾಲಿನ ಮೇಲೆ ಗುಂಡಗೆ, ಗೆರೆ ಗೆರೆಯಾಗಿ, ಒದ್ದೆ ಒದ್ದೆಯಾದ ಕಪ್ಪು ಹೆಬ್ಬೆಟ್ಟು. ಅವರು ನೋಡಿದರು, ಇವನು ನೋಡಿದ, ಸರದಿ ಬಗ್ಗುವ ಮೊದಲೇ ಎರಡು ಅಂಗೈ ಒಟ್ಟಿಗೆ ಪುಟದ ಮೇಲೆ ಬಿದ್ದವು, ಒಂದು ಅವರದು, ಅದರ ಮೇಲೆ ಇವನದು. ಮಗಳಿಗೆ ಗೊತ್ತಿಲ್ಲ, ಅಂದರು, ತುಟಿ ಅಲ್ಲಾಡದ ಹಾಗೆ, ಮನೆಯವಳಿಗೂ ಗೊತ್ತಿಲ್ಲ, ಹನ್ನೊಂದು ವರ್ಷ ಆಯ್ತು. ಇವನು ಇನ್ನೊಂದು ಕೈಯಿಂದ ಕಂದು ಪೆಟ್ಟಿಗೆಯನ್ನು ಎಳೆದು ಕೌಂಟರಿನ ಮೇಲಿಟ್ಟ. ಹೊರಗಿನವರಿಗೆ ಗೊತ್ತಾಗಬಾರದು, ಅಂದು, ಸ್ವಲ್ಪ ಯೋಚಿಸಿ, ಇವನ ಅಂಗೈಯಡಿಯಿಂದ ತಮ್ಮ ಕೈ ಎಳೆದುಕೊಂಡು ಪುಟವನ್ನು ಇವನ ಅಂಗೈಗೇ ಬಿಟ್ಟು, ಪೆಟ್ಟಿಗೆ ಎತ್ತಿಕೊಂಡು, ಆದ್ದರಿಂದ ನಿನ್ನನ್ನ ಹೊರಗಿನವನಾಗಿ ಬಿಡೋಕಾಗಲ್ಲ, ಎಂದು ಹೇಳಿ ಹೊರಟರು, ಹೊಟ್ಟೆ ಮುಂದೆ, ಅವರು ಹಿಂದೆ, ಕರವಸ್ತ್ರ ಮೂಗಿನ ಮೇಲೆ. ಏನಂದ್ರೋ ಅಂತ ತೂಕದಣ್ಣ, ನಂದು ಯಾವಾಗ ಕೊಡ್ತೀಯಪ್ಪ ಅಂತ ಹೆಂಗಸು, ಇಂಥ ಹೊತ್ತಿಗೆಂದೇ ಕೂಡಿಟ್ಟ ಸಾವಿರ ಡೈಲಾಗಿನಲ್ಲಿ ಒಂದಾದರೂ ಬರಬೇಕಿತ್ತು ನಾಲಿಗೆಗೆ, ಅಂಗೈ ಮೆಲ್ಲಗೆ ಎತ್ತಿ ನೋಡಿದರೆ ಪುಟದ ಮೇಲಿನದು ಇವನ ಅಂಗೈಗೂ ಅಂಟಿದೆ, ಅರ್ಧ ಅಲ್ಲಿ, ಅರ್ಧ ಇಲ್ಲಿ, ಕಪ್ಪು ಹೆಬ್ಬೆಟ್ಟು, ಕಪ್ಪು ಹೆಬ್ಬೆಟ್ಟು —